ದೊಡ್ಡವ್ವನ ತಲೆಯ ಮೇಲಿನ ಫ್ಯಾನು

ತನಗೆ ಬಾರದ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸಲು ಬಹಳ ಧೈರ್ಯ ಬೇಕು ಎಂದು ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ, ಸಂಬಳದ ಅಗತ್ಯ ಇದ್ದರೆ ಸಾಕು. ನಾನು ನವನಗರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಹಳಗನ್ನಡದ ಪದ್ಯ ಬಿಡಿಸಿ ಹೇಳು ಎಂದರೆ ಊಟ ಬಿಟ್ಟು ಹೇಳುತ್ತೇನೆ. ಆದರೆ ಕನ್ನಡಕ್ಕೆ ಬರುವ ಮಕ್ಕಳು ಕಡಿಮೆಯಾಗಿ ನನ್ನ ವೇಳಾಪಟ್ಟಿಯಲ್ಲಿ ಅಲ್ಲಲ್ಲಿ ತೂತು ಬಿದ್ದವು. ಆ ತೂತು ಮುಚ್ಚಲು ಪ್ರಾಂಶುಪಾಲರು ಒಂದು ದಿನ ನನ್ನನ್ನು ಕರೆದು 'ಡಿಜಿಟಲ್ ಮಾಧ್ಯಮ ಮತ್ತು ದೃಶ್ಯ ಕಥನ' ಎಂಬ ಹೊಸ ವಿಷಯವನ್ನು ಕೈಗಿಟ್ಟರು. ಸರ್, ನನಗೆ ಇದರ ಗಂಧಗಾಳಿಯೂ ಇಲ್ಲ ಎಂದೆ. "ಕಥನ ಅಂತ ಐತಲ್ರಿ ಅದರಾಗ. ಹಂಗಾರ ಅದು ಕನ್ನಡದವರದ ಕೆಲಸ" ಅಂದರು. ನೌಕರಿ ಮಾಡುವವನಿಗೆ ಇಂಥ ತರ್ಕದ ಮುಂದೆ ಮಾತಿಲ್ಲ. ಪುಸ್ತಕ ತಂದೆ, ಓದಿದೆ, ಕಲಿಸಿದೆ, ಈಗಲೂ ಕಲಿಸುತ್ತಿದ್ದೇನೆ. ಆ ವಿದ್ಯೆಯನ್ನು ತರಗತಿಯ ಹೊರಗೆ ನಾನು ಪ್ರಯೋಗಿಸಿದ್ದು ಒಂದೇ ಸಲ, ನನ್ನ ಹೆತ್ತವ್ವನ ಮೇಲೆ. ಯಾರ ಮುಂದಾದರೂ ಹೇಳಿಕೊಳ್ಳದೆ ಅದರ ಭಾರ ಇಳಿಯುವ ಹಾಗೆ ಕಾಣುವುದಿಲ್ಲ.

ಮೊದಲು ನನ್ನ ತರಗತಿಯ ಸ್ಥಿತಿ ಹೇಳಿಬಿಡುತ್ತೇನೆ. ನನ್ನ ವಿದ್ಯಾರ್ಥಿಗಳು ಮೀಸೆ ಮೂಡುವ ಮೊದಲೇ ಮೊಬೈಲು ಹಿಡಿದು ವಿಡಿಯೋ ಮಾಡಿದವರು. ಯಾವುದನ್ನು ಎಲ್ಲಿಂದ ತೆಗೆದರೆ ಚಂದ ಎಂಬುದು ಅವರ ಕೈಗೆ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ನನಗೆ ಹೆಸರುಗಳೆಲ್ಲ ಗೊತ್ತು, ಉಳಿದದ್ದು ಗೊತ್ತಿಲ್ಲ. ಹೀಗೆ ನಾವು ಒಬ್ಬರಿಗೊಬ್ಬರು ಅನುಕೂಲವಾಗಿದ್ದೇವೆ. ಒಮ್ಮೆ ಅವರನ್ನು ಬಾದಾಮಿಗೆ ಕರೆದುಕೊಂಡು ಹೋದೆ. ಕಥೆ ಹೇಳುವ ಮೊದಲು ಅದು ನಡೆಯುವ ಜಾಗವನ್ನು ದೂರದಿಂದ ಒಂದು ಸಲ ಪೂರ್ತಿ ತೋರಿಸಬೇಕು, ಇಲ್ಲದಿದ್ದರೆ ನೋಡುವವನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯುವುದಿಲ್ಲ ಎಂಬ ಪಾಠ. ಮೇಣಬಸದಿ ಗುಹೆಗಳ ಮೆಟ್ಟಿಲ ಮೇಲೆ ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಗಿಸಿ ನಾನಿನ್ನೂ ವ್ಯಾಖ್ಯಾನ ಶುರು ಮಾಡಿದ್ದೆನಷ್ಟೆ, ಮಂಗವೊಂದು ಬಂದು ಮೊಬೈಲನ್ನೇ ಕಿತ್ತುಕೊಂಡು ಬಂಡೆಯ ನೆತ್ತಿಗೆ ಹೋಗಿ ಕೂತಿತು. ಒಂದು ಪೊಟ್ಟಣ ಶೇಂಗಾ ಕೊಟ್ಟು ಬಿಡಿಸಿಕೊಂಡೆವು. ಸಂಜೆ ಎಲ್ಲರ ಚಿತ್ರಣ ನೋಡುವಾಗ ಹುಡುಗರು ಒಕ್ಕೊರಲಿನಿಂದ ಮಂಗ ತೆಗೆದ ವಿಡಿಯೋಕ್ಕೆ ಮೊದಲ ಬಹುಮಾನ ಕೊಟ್ಟರು. ಅದರಲ್ಲಿ ಕೆಳಗೆ ಸಣ್ಣಗೆ ನಾವೆಲ್ಲ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದೆವು. ಯಾರೂ ನಟಿಸುತ್ತಿರಲಿಲ್ಲ.

ಇನ್ನು ಮನೆಯ ಸಂಗತಿ. ನಮ್ಮವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಇಬ್ಬರೂ ಹಳೆಯ ಬಾಗಲಕೋಟೆಯಲ್ಲಿ ಹುಟ್ಟಿದವರು. ಅವರು ಹುಟ್ಟಿದ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಯಿತು. ಹೆಣ್ಣುಮಕ್ಕಳಿಗೆ ತವರು ದೂರವಾಗುವುದುಂಟು, ಮುನಿಸಿಕೊಳ್ಳುವುದುಂಟು. ಇವರದು ನೀರೊಳಗೆ ಮುಳುಗಿಬಿಟ್ಟಿತ್ತು. ಅಪ್ಪ, ಅವ್ವ, ಅಣ್ಣ ಎಲ್ಲರೂ ಒಬ್ಬೊಬ್ಬರಾಗಿ ಹೋದ ಮೇಲೆ ಅವ್ವನಿಗೆ ತವರು ಅಂತ ಉಳಿದದ್ದು ಇಳಕಲ್ಲಿಗೆ ಕೊಟ್ಟ ಈ ಅಕ್ಕ ಒಬ್ಬಳೇ. ದೊಡ್ಡವ್ವನಿಗೆ ಮೊಣಕಾಲು ಹಿಡಿದು, ಅವ್ವನಿಗೆ ಎದೆ ಹಿಡಿದು, ಬಸ್ಸು ಹತ್ತುವುದು ಇಬ್ಬರಿಗೂ ನಿಂತುಹೋಯಿತು. ಫೋನಿನಲ್ಲಿ ಮಾತಾಡಿಸೋಣವೆಂದರೆ ದೊಡ್ಡವ್ವನ ಕಿವಿ ಮಂದ. ಇವಳು ಇಲ್ಲಿ ಕೂಗಬೇಕು, ಅವಳು ಅಲ್ಲಿ "ಏನಂದಿ?" ಅನ್ನಬೇಕು. ಮತ್ತೆ ಕೂಗಬೇಕು, ಮತ್ತೆ "ಏನಂದಿ?" ಸುಖದುಃಖದ ಮಾತು ನಮ್ಮ ಸೆಕ್ಟರಿನ ಜನಕ್ಕೆಲ್ಲ ಗೊತ್ತಾಗುತ್ತಿತ್ತು, ದೊಡ್ಡವ್ವನೊಬ್ಬಳಿಗೆ ಬಿಟ್ಟು.

ಅದಕ್ಕೆ ನಾನೇ ಒಂದು ದಾರಿ ಹುಡುಕಿದೆ. ಪ್ರತಿ ಸೋಮವಾರ ಪೂಜೆ ಮುಗಿಸಿ ಅವ್ವ ಮಾತಾಡುವುದು, ಅದನ್ನು ನನ್ನ ಹೆಂಡತಿ ಸುಜಾತಾ ಮೊಬೈಲಿನಲ್ಲಿ ವಿಡಿಯೋ ಮಾಡಿ ಕಳಿಸುವುದು. ಅಲ್ಲಿ ದೊಡ್ಡವ್ವ ಅದನ್ನು ದೊಡ್ಡ ಸಪ್ಪಳದಲ್ಲಿ ಎಷ್ಟು ಸಲ ಬೇಕೋ ಅಷ್ಟು ಸಲ ಕೇಳಿ, ಉತ್ತರ ಹೇಳಿ, ಅವಳ ಸೊಸೆ ಶಾರದಾ ಅದನ್ನು ವಿಡಿಯೋ ಮಾಡಿ ಕಳಿಸುವುದು. ಈ ಏರ್ಪಾಡು ಗಡಿಯಾರದ ಹಾಗೆ ನಡೆಯಿತು. ಕುಂದೆಂದರೆ ಶಾರದಾ ವಿಡಿಯೋ ಮಾಡುವ ರೀತಿ. ಆಕೆ ಮೊಬೈಲನ್ನು ಯಾವ ಲೆಕ್ಕದಲ್ಲಿ ಹಿಡಿಯುತ್ತಿದ್ದಳೋ, ದೊಡ್ಡವ್ವನ ಮೂಗಿನಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ, ಮೇಲೆ ಮಾತ್ರ ತಲೆಗೆ ಹೊದ್ದ ಸೆರಗು, ಗೋಡೆ, ಜಂತಿ, ತಿರುಗುವ ಫ್ಯಾನು. ನಾನು ಹೊಸದಾಗಿ ಪುಸ್ತಕ ಓದಿದ ಉಮೇದಿನಲ್ಲಿದ್ದೆ. ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು, ಬೆಳಕು ಯಾವ ಕಡೆಯಿಂದ ಬರಬೇಕು ಎಂದು ಶಾರದಾಗೆ ಫೋನಿನಲ್ಲಿ ಪಾಠ ಮಾಡಿದೆ. "ಆತ್ರಿ ಸರ" ಅಂದಳು. ಮೈದುನ ಅನ್ನುವುದನ್ನು ಬಿಟ್ಟು ಸರ ಅಂದದ್ದರಲ್ಲಿ ಇದ್ದ ಮೊನಚು ನನಗೆ ಆಗ ತಿಳಿಯಲಿಲ್ಲ. ಮುಂದಿನ ಸೋಮವಾರ ಮತ್ತೆ ಫ್ಯಾನೇ ಬಂತು. ಅವ್ವನಿಗೆ ಅದರ ಪರಿವೆಯೇ ಇರಲಿಲ್ಲ. ಒಂದು ಸಲ ನಾನೇ ಬೇಸತ್ತು ಮುಖವನ್ನು ಹತ್ತಿರದಿಂದ ತೆಗೆಸಿ ತೋರಿಸಿದರೆ, ಇಷ್ಟು ಸಮೀಪ ಡಾಕ್ಟರು ನೋಡಬೇಕಪ್ಪ, ತಂಗಿ ನೋಡುವುದಲ್ಲ ಎಂದು ಬದಿಗಿಟ್ಟಳು.

ಹೋದ ಚಳಿಗಾಲದಲ್ಲಿ ದೊಡ್ಡವ್ವ ತನ್ನ ಹಳೆಯ ಸೀರೆಗಳನ್ನು ಹರಿದು ಒಂದು ಕೌದಿ ಹೊಲಿದು ಮಗ ಸಂಗಣ್ಣನ ಕೈಯಲ್ಲಿ ತಂಗಿಗೆ ಕಳಿಸಿದ್ದಳು. ಮನೆಯಲ್ಲಿ ಮೆತ್ತನೆಯ ರಗ್ಗು ಇದ್ದವು. ಅವ್ವ ಅವನ್ನೆಲ್ಲ ಮಡಿಚಿ ಅಟ್ಟಕ್ಕೇರಿಸಿ ಆ ಕೌದಿಯಲ್ಲೇ ಮಲಗಲು ಶುರು ಮಾಡಿದಳು. ಅಕ್ಕನ ಮಗ್ಗುಲಲ್ಲಿ ಮಲಗಿದಂಗ ಆಗ್ತೈತಿ ಅನ್ನುತ್ತಿದ್ದಳು. ಅವ್ವನಿಗೆ ಎದೆಯ ಆಪರೇಷನ್ ಆಗಿ ದವಾಖಾನೆಯಿಂದ ಬಂದಾಗಲೂ ಮೊದಲು ಕೇಳಿದ್ದು ಕೌದಿಯನ್ನೇ.

ಅವ್ವನನ್ನು ಮನೆಗೆ ಕಳಿಸುವಾಗ ಡಾಕ್ಟರು ನಮ್ಮಿಬ್ಬರನ್ನು ಬೇರೆ ಕರೆದು, ಮನಸ್ಸಿಗೆ ಧಕ್ಕೆಯಾಗುವಂಥ ಯಾವ ಸುದ್ದಿಯೂ ಆಕೆಯ ಕಿವಿಗೆ ಬೀಳಬಾರದು ಎಂದರು. ಬೀಳುವುದಿಲ್ಲ ಬಿಡಿ ಸರ್, ನಮ್ಮ ಮನೆಯಲ್ಲಿ ಸುದ್ದಿಯೇ ಇರುವುದಿಲ್ಲ ಎಂದು ನಾನು ನಕ್ಕೆ. ಮರುದಿನ ಬೆಳಿಗ್ಗೆ ಇಳಕಲ್ಲಿನಿಂದ ಸಂಗಣ್ಣನ ಫೋನು ಬಂತು. ದೊಡ್ಡವ್ವ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತವಳು ಕೂತಂತೆಯೇ ಹೋಗಿಬಿಟ್ಟಿದ್ದಳು. ಸಂಗಣ್ಣ ಅಳುತ್ತಿದ್ದ, ಅಳುತ್ತಲೇ ಹೇಳಿದ, "ತಮ್ಮಾ, ಚಿಗವ್ವಗ ಮಾತ್ರ ಹೇಳಬ್ಯಾಡ. ನಮ್ಮ ಮನ್ಯಾಗ ಒಂದ ದಿವಸ ಎರಡು ಮಣ್ಣು ಆಗೋದು ಬ್ಯಾಡ." ನಾನು ಹೂಂ ಅಂದೆ.

ಮೌಲ್ಯಮಾಪನಕ್ಕೆ ಹೊರಟೆ ಎಂದು ಅವ್ವನಿಗೆ ಹೇಳಿ ಇಳಕಲ್ಲಿಗೆ, ಮಣ್ಣಿಗೆ ಹೋದೆ. ಹೊಲದ ಬದುವಿನಲ್ಲಿ ತೋಡಿದ ಕುಣಿಯೊಳಗೆ ದೊಡ್ಡವ್ವನನ್ನು ಕೂಡಿಸಿದರು. ಬಂದವರೆಲ್ಲ ಸರದಿಯ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿದರು. ಒಡಹುಟ್ಟಿದ ತಂಗಿ ಎಲ್ಲಿ ಎಂದು ಒಬ್ಬ ಮುದುಕಿ ಕೇಳಿದಳು. ನಾನು ಕೇಳಿಸದವನ ಹಾಗೆ ನಿಂತೆ. ಸಂಜೆ ಮನೆಗೆ ಬಂದರೆ ಸುಜಾತಾ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಹೊಯ್ದಳು. ನಮ್ಮಲ್ಲಿ ಸೂತಕವಿಲ್ಲ ಎಂದು ಶರಣರು ಎಂದೋ ಹೇಳಿಹೋಗಿದ್ದಾರೆ, ಆದರೆ ಅವರು ಅದನ್ನು ನನ್ನ ಹೆಂಡತಿಗೆ ಹೇಳಿಲ್ಲ. ಒದ್ದೆ ತಲೆ ಒರೆಸಿಕೊಳ್ಳುತ್ತ ಒಳಗೆ ಹೋದೆ. ದೀಪ ಹಚ್ಚುವ ಹೊತ್ತಿನಲ್ಲಿ ಇದೇನು ತಲೆಸ್ನಾನ ಎಂದು ಅವ್ವ ಕೇಳಿದಳು. ಉತ್ತರಪತ್ರಿಕೆಗಳ ಧೂಳು ಎಂದೆ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿ, ಹೌದಪ್ಪ, ಭಾಳ ಧೂಳು ಎಂದು ಗೋಡೆಯ ಕಡೆ ಹೊರಳಿದಳು.

ಇಷ್ಟರಲ್ಲಿ ಸೋಮವಾರ ಬಂದುಬಿಟ್ಟಿತು. ಸೋಮವಾರಕ್ಕೆ ಯಾರ ಮನೆಯ ಸಂಕಟವೂ ಗೊತ್ತಾಗುವುದಿಲ್ಲ. ಅವ್ವ ಕೌದಿ ಹೊದ್ದು ಕೂತು, ಅಕ್ಕಾ ನಾ ಆರಾಮದೇನಿ, ನೀ ಹೆಂಗಿದ್ದೀ ಎಂದು ಮಾತು ಮುಗಿಸಿದಳು. ಸುಜಾತಾ ಅದನ್ನು ರೂಢಿಯಂತೆ ಕಳಿಸಿಬಿಟ್ಟಳು. ಅತ್ತ ಸಂಗಣ್ಣ ಅದನ್ನು ನೋಡಿ ಗಂಡಸು ಅನ್ನುವುದನ್ನು ಮರೆತು ಬೋರಾಡಿ ಅತ್ತನಂತೆ. ಇತ್ತ ಅವ್ವ ಸಂಜೆಯವರೆಗೆ ಉತ್ತರಕ್ಕೆ ಕಾದು, ಬರಲಿಲ್ಲೇನು, ಇನ್ನೂ ಬರಲಿಲ್ಲೇನು ಎಂದು ಕೇಳುತ್ತಲೇ ಇದ್ದಳು. ಆಗ ನನ್ನ ಬುದ್ಧಿ ಕೆಲಸ ಮಾಡಿತು. ನನ್ನ ಬುದ್ಧಿ ಕೆಲಸ ಮಾಡಿದಾಗೆಲ್ಲ ಮನೆಯವರು ಹೆದರುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ದೊಡ್ಡವ್ವನ ಹಳೆಯ ವಿಡಿಯೋಗಳೆಲ್ಲ ನನ್ನ ಮೊಬೈಲಿನಲ್ಲಿದ್ದವು. ಅವನ್ನೇ ಕತ್ತರಿಸಿ, ಜೋಡಿಸಿ ಹೊಸದೊಂದು ಮಾಡಿದರೆ?

ನೋಡುವವರ ಕಣ್ಣಿಗೆ ಕತ್ತರಿ ಕಾಣಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ಎರಡು ತುಣುಕು ಸೇರುವ ಜಾಗದಲ್ಲಿ ಮಾತನ್ನು ಹಾಗೇ ಬಿಟ್ಟು ಚಿತ್ರದಲ್ಲಿ ಬೇರೇನಾದರೂ ತೋರಿಸಬೇಕು. ಅದಕ್ಕೆ ಶಾರದಾಗೆ ಹೇಳಿ ಹೆಂಚಿನ ಮೇಲೆ ಉಬ್ಬುವ ರೊಟ್ಟಿ, ಹೊಸ್ತಿಲಲ್ಲಿ ಮಲಗಿದ ಬೆಕ್ಕು, ಒಣಹಾಕಿದ ಮೆಣಸಿನಕಾಯಿ ಇವನ್ನೆಲ್ಲ ತೆಗೆಸಿದೆ. ಆಕೆ ಕಳಿಸಿದ ರೊಟ್ಟಿಯ ಚಿತ್ರ ನಡುಗುತ್ತಿತ್ತು. ಕೈ ಅಲುಗಿಸಬೇಡ, ಉಸಿರು ಬಿಗಿಹಿಡಿದು ತೆಗೆ ಎಂದು ಹೇಳಿದೆ. ಅತ್ತೆಯನ್ನು ಕಳೆದುಕೊಂಡ ಹೆಣ್ಣುಮಗಳು ಏನೂ ಅನ್ನದೆ ಇನ್ನೊಮ್ಮೆ ತೆಗೆದು ಕಳಿಸಿದಳು. ಫ್ಯಾನು ಕಾಣದಂತೆ ಚಿತ್ರವನ್ನು ಹಿಗ್ಗಿಸಿದೆ. ಮಾತು ಮಾತಿಗೂ ದೊಡ್ಡವ್ವ ಶಾರದಾಳ ಕಡೆ ತಿರುಗಿ "ಏನಂದಿ?" ಅನ್ನುತ್ತಿದ್ದುದನ್ನು ಹುಡುಕಿ ಹುಡುಕಿ ತೆಗೆದುಹಾಕಿದೆ. ಕೊನೆಗೆ ಒಂದು ವಿಡಿಯೋ ತಯಾರಾಯಿತು. "ಊಟ ಆತೇನು? ಗುಳಿಗಿ ಬಿಡಬ್ಯಾಡ. ನಾ ಆರಾಮದೇನಿ, ನನ್ನ ಚಿಂತಿ ಬಿಡು." ಸತ್ತ ನಾಲ್ಕನೇ ದಿನ ದೊಡ್ಡವ್ವ ನಮ್ಮ ಮನೆಯಲ್ಲಿ ಹೀಗೆ ಮಾತಾಡಿದಳು. ಅವ್ವ ಅದನ್ನು ನೋಡಿ ಗುಳಿಗೆ ನುಂಗಿದಳು. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಹಾಗೆ ಶುರುವಾದದ್ದು ನಿಲ್ಲಿಸಲು ಬರಲಿಲ್ಲ. ಇವತ್ತು ಹೇಳೋಣ ಎಂದರೆ ಅವ್ವನ ಮೈ ಬೆಚ್ಚಗಿರುತ್ತಿತ್ತು, ನಾಳೆ ಹೇಳೋಣ ಎಂದರೆ ನಾಳೆ ಆಕೆ ಎರಡು ರೊಟ್ಟಿ ತಿಂದು ನಗುತ್ತಿದ್ದಳು. ನಗುವವಳಿಗೆ ಹೇಗೆ ಹೇಳುವುದು? ವಾರ ವಾರವೂ ಅವ್ವ ಪ್ರಶ್ನೆ ಕೇಳುವಳು, ನಾನು ದೊಡ್ಡವ್ವನ ಹಳೆಯ ಮಾತುಗಳ ರಾಶಿಯಲ್ಲಿ ಕೂತು ಉತ್ತರ ಹುಡುಕುವೆನು. ಮೊದಮೊದಲು ಬಹಳ ಕಷ್ಟವಾಯಿತು. ಮಳೆ ಬಂತೇನು ಎಂದು ಅವ್ವ ಕೇಳಿದರೆ ನನ್ನ ರಾಶಿಯಲ್ಲಿ ಮಳೆಯೇ ಇರಲಿಲ್ಲ. ಆಮೇಲೆ ಏನಾಯಿತೋ, ದೇವರು ಕಣ್ಣು ಬಿಟ್ಟ. ಅವ್ವ ಕೇಳಿದ್ದಕ್ಕೆಲ್ಲ ತಕ್ಕ ಉತ್ತರ ಸಿಗತೊಡಗಿತು. ಮೊಣಕಾಲಿಗೆ ಯಾವ ಎಣ್ಣೆ ಹಚ್ಚುತ್ತಿ ಎಂದು ಕೇಳಿದಳು, ಎಣ್ಣೆಯ ಮಾತು ಇತ್ತು. ಸಂಗಣ್ಣನ ಮದುವೆಯಲ್ಲಿ ಹೂರಣ ಹಳಸಿದ ಕಥೆ ಇನ್ನೊಮ್ಮೆ ಹೇಳಕ್ಕಾ ಎಂದಳು, ಅದೂ ಇತ್ತು, ಪೂರ್ತಿ ಇತ್ತು. ನಾವು ಸಣ್ಣವರಿದ್ದಾಗ ಹೊಳೆಗೆ ಅರಿವೆ ಒಗೆಯಲು ಹೋಗುತ್ತಿದ್ದುದು ನೆನಪೈತೇನು ಎಂದಳು. ಅದೂ ಸಿಕ್ಕಿತು. ನನ್ನ ಕೈ ಪಳಗಿತು ಎಂದುಕೊಂಡೆ. ಕತ್ತರಿಯ ಗುರುತು ನನಗೇ ಕಾಣದಷ್ಟು ನಯವಾಯಿತು. ತರಗತಿಯಲ್ಲಿ ಹುಡುಗರಿಗೆ ಎರಡು ಚಿತ್ರಗಳ ನಡುವಿನ ಹೊಂದಾಣಿಕೆಯ ಬಗ್ಗೆ ಹೇಳುವಾಗ ನನ್ನ ದನಿಯಲ್ಲಿ ಮೊದಲ ಸಲ ಒಂದು ಗತ್ತು ಬಂತು. ಹಿಂದಿನ ಗಡಿಯಾರದ ಮುಳ್ಳು ನೋಡಿರಿ, ಗೋಡೆಯ ಕ್ಯಾಲೆಂಡರು ನೋಡಿರಿ, ಲೋಟದ ನೀರು ನೋಡಿರಿ, ನೋಡುವವನು ದಡ್ಡನಲ್ಲ ಎಂದೆಲ್ಲ ಹೇಳಿದೆ. ಸುಜಾತಾ ಒಂದು ದಿನ ನಾನು ಕೆಲಸ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿ, "ನಿಮಗ ಇದರ ರುಚಿ ಹತ್ತೇತ್ರಿ" ಅಂದಳು. ನಾನು ಸಿಟ್ಟಿಗೆದ್ದೆ. ಆ ಮಾತು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಸುಜಾತಾಳದು ಒಂದೇ ಹಟ, ಅತ್ತೆ ಈಗ ಮನೆಯೊಳಗೆ ಓಡಾಡುತ್ತಿದ್ದಾರೆ, ಇನ್ನು ಹೇಳಿಬಿಡಿ, ಸತ್ತವರನ್ನು ಎಷ್ಟು ದಿನ ದುಡಿಸುತ್ತೀರಿ ಎಂದು. ಒಪ್ಪಿದೆ. ಆದರೆ ಒಮ್ಮೆಲೇ ಹೇಳುವ ಧೈರ್ಯ ನನಗೆಲ್ಲಿಯದು? ಕಥೆಗೆ ಆರಂಭ, ನಡು, ಅಂತ್ಯ ಇರಬೇಕು, ನೋಡುವವರನ್ನು ಅಂತ್ಯಕ್ಕೆ ಮೆಲ್ಲಗೆ ಸಿದ್ಧ ಮಾಡಬೇಕು ಎಂದು ಪುಸ್ತಕದಲ್ಲಿತ್ತು. ಈ ವಾರ ದೊಡ್ಡವ್ವನಿಗೆ ಸಣ್ಣ ಜ್ವರ, ಮುಂದಿನ ವಾರ ದವಾಖಾನೆ, ಅದರ ಮುಂದಿನ ವಾರ ಇನ್ನೇನು ಹೇಳಲಾಗದ ಸ್ಥಿತಿ, ಆಮೇಲೆ ಸುದ್ದಿ. ಇದನ್ನು ಮನಸ್ಸಿನಲ್ಲಿ ಹೊಂದಿಸಿಕೊಂಡು ಸೋಮವಾರ ಅವ್ವನ ಮಂಚದ ಹತ್ತಿರ ಹೋದೆ. "ಅವ್ವಾ, ದೊಡ್ಡವ್ವಗ ಒಂಚೂರು ಜ್ವರ ಬಂದಾವಂತ. ಈ ವಾರ ವಿಡಿಯೋ ಇಲ್ಲಂತ."

ಅವ್ವ ಜಪದ ಮಣಿ ಎಣಿಸುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಲಿಲ್ಲ.

"ಬಸೂ, ಆಕೀನ್ನ ಇನ್ನೊಮ್ಮೆ ಸಾಯಿಸಬ್ಯಾಡ" ಅಂದಳು.

ಅವ್ವ ನನ್ನ ಕೈ ಹಿಡಿದು ಮಂಚದ ಮೇಲೆ ಕೂಡಿಸಿಕೊಂಡಳು. ಕೌದಿಯ ಒಂದು ಮೂಲೆ ಎಳೆದು ಅದರ ಮೇಲೆ ನನ್ನ ಅಂಗೈ ಇಟ್ಟಳು. ಹಸಿರು ತುಂಡು, ಕೆಂಪು ದಡಿ. "ಇದು ಯಾವ ಸೀರಿ, ಗುರುತು ಹತ್ತೇತೇನು?" ಹತ್ತಲಿಲ್ಲ. ಸೀರೆ ನೇಯುವ ಊರಿನಲ್ಲಿ ಅರ್ಧ ಬಳಗ ಇಟ್ಟುಕೊಂಡೂ ಸೀರೆಗಳ ಮಟ್ಟಿಗೆ ನಾನು ಕುರುಡ. "ನೀ ಮಾಡಿದ ಎರಡನೇ ವಿಡಿಯೋದಾಗ ಅಕ್ಕ ಇದನ್ನ ಉಟ್ಕೊಂಡು, ಸೆರಗ ತಲಿಮ್ಯಾಲ ಹೊತ್ಕೊಂಡು ಕುಂತಾಳ. ಹರದು ಕೌದಿಗೆ ಹಚ್ಚಿದ ಸೀರಿ ಯಾರರ ಉಡ್ತಾರೇನಪಾ? ಅದು ಹಳೀದು ಅಂತ ಅಲ್ಲೇ ತಿಳೀತು. ಹೊಸಾದು ಯಾಕಿಲ್ಲ ಅನ್ನೋದೂ ತಿಳೀತು. ನೀ ಹೊತ್ತ ಮುಳುಗೂ ಹೊತ್ನ್ಯಾಗ ತಲಿಮ್ಯಾಲ ನೀರ ಹಾಕ್ಕೊಂಡ ಬಂದಾಗನ ಎದಿ ಝಲ್ ಅಂದಿತ್ತು."

ಗಡಿಯಾರ, ಕ್ಯಾಲೆಂಡರು, ಲೋಟದ ನೀರು ಎಲ್ಲವನ್ನೂ ನಾನು ನೋಡಿದ್ದೆ. ದೊಡ್ಡವ್ವ ಮೈಮೇಲೆ ಉಟ್ಟಿದ್ದನ್ನು ನೋಡಿರಲಿಲ್ಲ. ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ, ಕೇಳುವಾಗ ನನಗೆ ಅಳು ಬಂದಿತ್ತು.

"ನೀ ನನ್ನ ಜೀವ ಉಳಸಾಕ ಒದ್ದಾಡಾಕತ್ತಿದ್ದಿ. ಅದನ್ನ ಹೆಂಗ ಕೆಡಸ್ಲಿ? ಮಳಿ ಬಂತೇನು ಅಂತ ಕೇಳಿದ ವಾರ ನೀ ಊಟಾನೂ ಮಾಡಿರಲಿಲ್ಲ, ಬರೇ ಮೊಬೈಲ್ ತಿಕ್ಕೋತ ಕುಂತಿದ್ದಿ. ಅವತ್ತಿಂದ ಆಕಿ ಮೊದಲ ಏನ್ ಹೇಳಿದ್ದಳೋ ಅದನ್ನ ನೆನಸಿಕೊಂಡು ಕೇಳಿದೆ. ನಿನಗ ಹುಡುಕಾಕ ಸಲೀಸ ಆಗ್ಲಿ ಅಂತ." ಅವ್ವ ಕೌದಿಯ ಮೂಲೆಯನ್ನು ಮಡಿಚಿದಳು. "ನನಗೂ ಆಕಿ ಧ್ವನಿ ಬೇಕಾಗಿತ್ತು."

ಅಂದರೆ ನನ್ನ ಕೈ ಪಳಗಿರಲಿಲ್ಲ. ದೇವರೂ ಕಣ್ಣು ಬಿಟ್ಟಿರಲಿಲ್ಲ. ಎದೆ ಹೊಲಿಸಿಕೊಂಡು ಮಲಗಿದ್ದ ಮುದುಕಿಯೊಬ್ಬಳು, ಅಕ್ಕ ಸತ್ತದ್ದಕ್ಕೆ ಅಳುವ ಹಕ್ಕನ್ನೂ ಬಿಟ್ಟು, ಅಳಿದವಳ ಮಾತುಗಳನ್ನು ನೆನೆನೆನೆದು ಮಗನ ಕೆಲಸ ಹಗುರ ಮಾಡಿದ್ದಳು. ನಾನು ಆ ಕೆಲಸಕ್ಕೆ ತರಗತಿಯಲ್ಲಿ ಗತ್ತು ತೋರಿಸಿ ಬಂದಿದ್ದೆ. ಸುಜಾತಾ ಗಾಬರಿಯಿಂದ ಡಾಕ್ಟರಿಗೆ ಫೋನು ಮಾಡಿದಳು. ಅವರು, ನಾನು ಹೇಳಿದ್ದು ಮೊದಲ ಕೆಲವು ದಿನಗಳ ಮಾತಮ್ಮ, ಅದನ್ನೇ ಇಲ್ಲಿಯವರೆಗೆ ಪಾಲಿಸಿದಿರಾ ಎಂದು ಆಶ್ಚರ್ಯಪಟ್ಟರು. ದೂರದ ಪ್ರಯಾಣ ಮಾತ್ರ ಇನ್ನೂ ಬೇಡ ಎಂದರು. ಆಮೇಲೊಮ್ಮೆ ವಿಚಾರಿಸಬೇಕು ಎಂಬ ಸಾದಾ ಬುದ್ಧಿ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಪ್ರಯಾಣ ಬೇಡವೆಂದದ್ದನ್ನು ಅವ್ವನಿಗೆ ತಿಳಿಸಿದೆ. ಜಪದ ಮಣಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅಂದಳು, "ಅಕ್ಕನ ಮಾರಿ ವಿಡಿಯೋದಾಗ ನೋಡಿದ್ದು ಆತು. ಈಗ ಮಣ್ಣು ತೋರಸು. ನೀನ ಹೋಗು. ನನ್ನ ಹೆಸರಲೆ ಒಂದ ಹಿಡಿ ಮಣ್ಣು ಹಾಕು, ಹಾಕೂದು ನನಗ ಕಾಣಬೇಕು. ನಡುವ ಏನೂ ಕತ್ತರಸಬ್ಯಾಡ."

ಹುನಗುಂದ ದಾಟಿ ಇಳಕಲ್ಲು ಮುಟ್ಟುವವರೆಗೆ ಬಸ್ಸಿನಲ್ಲಿ ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ. ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆ, ಮೊದಲು ದೂರದಿಂದ ಹೊಲ ತೋರಿಸಿ ಆಮೇಲೆ ಹತ್ತಿರ ಹೋಗಬೇಕೋ ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ. ಅಭ್ಯಾಸಬಲ. ಸಂಗಣ್ಣ ನನ್ನನ್ನು ಹೊಲಕ್ಕೆ ಕರೆದೊಯ್ದ. ಎರೆಮಣ್ಣಿನ ದಿಬ್ಬ ಸ್ವಲ್ಪ ಕುಸಿದಿತ್ತು, ಒಂದು ಮಗ್ಗುಲಲ್ಲಿ ಹುಲ್ಲು ಚಿಗುರಿತ್ತು. ಮೊಬೈಲು ತಾನು ಹಿಡಿಯುತ್ತೇನೆ, ನೀನು ಮಣ್ಣು ಹಾಕು ಎಂದ. ಬೇಡಣ್ಣ ಎಂದೆ. ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯಲ್ಲಿ ಮಣ್ಣು ತೆಗೆದುಕೊಂಡೆ. ಇದು ನಮ್ಮವ್ವನ ಹೆಸರಲೆ, ದೊಡ್ಡವ್ವಾ ಎಂದು ಹೇಳಬೇಕೆಂದುಕೊಂಡಿದ್ದೆ. ದೊಡ್ಡವ್ವಾ ಅನ್ನುವಷ್ಟರಲ್ಲಿ ದನಿ ನಿಂತಿತು. ಮಣ್ಣು ಬಿತ್ತು. ನಾನು ಅಲ್ಲೇ ಬದುವಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತೆ. ಅವಳು ಸತ್ತ ದಿನ ಅತ್ತಿರಲಿಲ್ಲ, ಮನೆಗೆ ಹೋಗಿ ನಟಿಸಬೇಕಿತ್ತಲ್ಲ. ಸಂಗಣ್ಣ ನನ್ನ ಬೆನ್ನ ಮೇಲೆ ಕೈಯಿಟ್ಟು, ಮೊಬೈಲು ಇನ್ನೂ ಚಾಲೂ ಐತಿ ತಮ್ಮಾ ಎಂದ.

ಬಸ್ಸಿನಲ್ಲಿ ಕೂತು ನೋಡಿದೆ. ಸೂರ್ಯ ಎದುರಿಗಿದ್ದ, ಎಲ್ಲ ಕಪ್ಪು. ಗಾಳಿಯ ಭರಭರ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಕೈ ನಡುಗಿ ಭೂಮಿ ಆಕಾಶ ಕಲೆಸಿಹೋಗಿವೆ. ಹೆಬ್ಬೆರಳು ಚಿತ್ರದ ಮೂಲೆಗೆ ಅಡ್ಡ ಬಂದಿದೆ. ನನ್ನ ವಿದ್ಯಾರ್ಥಿ ಇದನ್ನು ತಂದಿದ್ದರೆ ಇನ್ನೊಮ್ಮೆ ಮಾಡಿಕೊಂಡು ಬಾ ಎಂದು ಕಳಿಸುತ್ತಿದ್ದೆ. ಹಿಂದಿರುಗಿ ಇನ್ನೊಮ್ಮೆ ತೆಗೆಯಲೇ ಎಂದೂ ಒಂದು ಗಳಿಗೆ ಅನ್ನಿಸಿತು. ಒಬ್ಬಳ ಹೆಸರಿನಲ್ಲಿ ಎರಡು ಸಲ ಮಣ್ಣು ಹಾಕಲು ಬರುವುದಿಲ್ಲವಲ್ಲ ಎಂದು ಸುಮ್ಮನಾದೆ.

ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಬೆರಳು ಅಡ್ಡ ಬಂದೈತವ್ವ, ಕೈ ನಡುಗಿತು ಎಂದು ನಾನು ಮೊದಲೇ ಸಮಜಾಯಿಷಿ ಕೊಟ್ಟೆ. "ಇರ್ಲಿ ಬಿಡು, ನನ್ನ ಮಗನ ಬೆರಳು" ಅಂದಳು. ಆಮೇಲೆ ಮೊಬೈಲನ್ನು ಕೌದಿಯ ಮೇಲಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ತಡೆಯಲಾಗದೆ ತೆಗೆದು, ನಮ್ಮ ಕಡೆಯ ಹೆಂಗಸರು ಅಳುವ ಹಾಗೆ ಹಾಡಿಕೊಂಡು ಅತ್ತಳು. "ತವರ ಮುಳುಗಿದ ದಿನ ನೀ ಇದ್ದೆವ್ವಾ ಅಕ್ಕಾ, ನೀ ಮುಳುಗಿದ ದಿನ ನನಗ್ಯಾರೂ ಹೇಳಲಿಲ್ಲವ್ವಾ." ಸುಜಾತಾ ಅವಳನ್ನು ತಬ್ಬಿಕೊಂಡು ಕೂತಳು. ನಾನು ಆ ಮಾತು ಕೇಳುತ್ತ ಬಾಗಿಲಲ್ಲಿ ನಿಂತಿದ್ದೆ. ಅವ್ವನ ಎದೆಗೆ ಏನೂ ಆಗಲಿಲ್ಲ. ಅತ್ತು ಮುಗಿಸಿ ನೀರು ಕುಡಿದು, ಬಹಳ ದಿನಗಳ ಮೇಲೆ ನಿದ್ದೆ ಮಾಡಿದಳು.

ಮುಂದಿನ ಸೋಮವಾರ ನಾನು ಬೇಕೆಂದೇ ಮನೆಯಿಂದ ಬೇಗ ಹೊರಟಿದ್ದೆ. ಅವ್ವ ಪೂಜೆ ಮುಗಿಸಿ ಕರೆದಳು. ಅಕ್ಕನ ಮೊಣಕಾಲಿನ ವಿಡಿಯೋ ಹಚ್ಚು ಎಂದಳು. ಹಚ್ಚಿದೆ. ನನ್ನ ಕೈಯಿಂದ ಬಂದವುಗಳಲ್ಲಿ ಅದೇ ಎಲ್ಲಕ್ಕಿಂತ ನಯವಾದದ್ದು. ಅವ್ವ ತಲೆ ಅಲ್ಲಾಡಿಸಿದಳು. ನೀನು ಜೋಡಿಸಿದ್ದಲ್ಲ, ಮೊದಲಿನದು, ಫ್ಯಾನು ಇದ್ದದ್ದು. ಹುಡುಕಿ ಹಚ್ಚಿದೆ. ಗೋಡೆ, ಜಂತಿ, ಗರಗರ ತಿರುಗುವ ಫ್ಯಾನು, ಅದರ ಕೆಳಗೆ ವಿಭೂತಿ ಹಚ್ಚಿದ ಅರ್ಧ ಹಣೆ. ಚಿತ್ರದ ಹೊರಗಿನಿಂದ ಶಾರದಾಳ ದನಿ, ಮಾತಾಡ್ರಿ ಅತ್ತಿ, ಚಾಲೂ ಐತಿ. ದೊಡ್ಡವ್ವ ಆ ಕಡೆ ತಿರುಗಿ "ಏನಂದಿ?" ಅಂದಳು.

"ಏನಿಲ್ಲ ಬಿಡಕ್ಕಾ" ಎಂದು ಅವ್ವ ಮಂಚದ ಮೇಲಿಂದ ಗಟ್ಟಿಯಾಗಿ ಕೂಗಿ ಹೇಳಿದಳು. ಹೇಳಿ ನಕ್ಕಳು. ಪ್ರತಿ ತುಣುಕಿನಿಂದಲೂ ನಾನು ಕಸವೆಂದು ಆರಿಸಿ ಎಸೆದದ್ದು ಆ ಒಂದು ಮಾತನ್ನೇ.

ನಾಳೆ ಬೆಳಿಗ್ಗೆ ಮೊದಲ ಪೀರಿಯಡ್ಡು ನನ್ನದು. ಪಾಠ, ವಿಡಿಯೋದಲ್ಲಿ ಬೇಡವಾದ ಭಾಗವನ್ನು ಗುರುತಿಸಿ ತೆಗೆಯುವುದು ಹೇಗೆ ಎಂಬುದು. ಹೋದ ವರ್ಷ ಅದನ್ನು ಬಹಳ ಚೆನ್ನಾಗಿ ಮಾಡಿದ್ದೆ. ಈ ಸಲ ಯಾರಾದರೂ ಎದ್ದು ನಿಂತು, ಸರ್, ಅದು ಬೇಡವಾದದ್ದು ಅಂತ ಹೆಂಗ ಗೊತ್ತಾಗ್ತೈತ್ರಿ ಎಂದು ಕೇಳದಿದ್ದರೆ ಸಾಕು. ಕೇಳಿದರೆ, ದೊಡ್ಡವ್ವನ ಹಾಗೆ ಕಿವಿಗೆ ಕೈ ಹಚ್ಚಿ, ಏನಂದಿ ಅನ್ನುವುದೊಂದೇ ನನಗೆ ಉಳಿದಿರುವ ದಾರಿ.